ಕೆಂಪು ದಾರದ ಗೋಧಿ

ನನ್ನ ಕೆಲಸ ಗುಂಡಿ ಒತ್ತುವುದು. ನಮ್ಮಮ್ಮ ಬೀದಿಯವರಿಗೆಲ್ಲ ಮಗ ಗೋಧಿ ವಿಜ್ಞಾನಿ ಎಂದು ಹೇಳಿಕೊಂಡು ತಿರುಗುತ್ತಾಳೆ. ತಿದ್ದಲು ನಾನೂ ಹೋಗಿಲ್ಲ. ಮರ್ಯಾದೆ ಪುಕ್ಕಟೆ ಸಿಗುವಾಗ ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ನಿಜ ಇಷ್ಟು. ದೊಬ್ರುಜಾ ಬಯಲಿನ ನಮ್ಮ ಗೋಧಿ ಕೇಂದ್ರದಲ್ಲಿ ಪ್ರತಿ ಅಕ್ಟೋಬರಿನ ಬಿತ್ತನೆಗೆ ಮುಂಚೆ, ಯಾವ ತಳಿ ಹೊಲದ ಯಾವ ತಾಕಿನಲ್ಲಿ ಕೂರಬೇಕು ಎಂದು ಸಾಫ್ಟ್‌ವೇರಿನಿಂದ ಲಾಟರಿ ಎತ್ತಿಸಬೇಕು. ಮನುಷ್ಯರ ಕೈಗೆ ಬಿಟ್ಟರೆ ಪ್ರತಿಯೊಬ್ಬರೂ ತಮ್ಮ ತಳಿಯನ್ನು ಒಳ್ಳೆಯ ಕಪ್ಪು ಮಣ್ಣಿನಲ್ಲೇ ಕೂರಿಸುತ್ತಾರೆ. ಅದಕ್ಕೇ ಹೊಲವನ್ನು ಮೂರು ದೊಡ್ಡ ತುಂಡು ಮಾಡುತ್ತೇವೆ. ಒಂದೊಂದು ತುಂಡಿನಲ್ಲೂ ಗೊಬ್ಬರ ಹೆಚ್ಚು ಹಾಕುವ ಒಂದು ಪಟ್ಟಿ, ಕಡಿಮೆ ಹಾಕುವ ಒಂದು ಪಟ್ಟಿ. ಪಟ್ಟಿಯೊಳಗೆ ತಳಿಗೊಂದು ಸಣ್ಣ ತಾಕು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಮತ್ತೊಂದು. ಸಾಫ್ಟ್‌ವೇರ್ ಪ್ರತಿ ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ಕಲಸುತ್ತದೆ. ಕಲಸಲು ಶುರು ಮಾಡುವುದಕ್ಕೆ ಅದಕ್ಕೊಂದು ಸಂಖ್ಯೆ ಕೊಡಬೇಕು. ಸಂಖ್ಯೆ ಬದಲಾದರೆ ನಕ್ಷೆಯೂ ಬದಲು. ನಾನು ಸಂಖ್ಯೆ ಬರೆದು ಗುಂಡಿ ಒತ್ತುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ವರ್ಷದ ವಿಜ್ಞಾನ ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಎಳೆಯುತ್ತಿರುತ್ತೇನೆ.

ಆ ನಕ್ಷೆಯಂತೆ ಹೊಲದಲ್ಲಿ ಕೂರಿಗೆ ಓಡಿಸುತ್ತಿದ್ದವರು ಬಾಯ್ ಸ್ಟಾಮೆನ್. ಸಣ್ಣ ಟ್ರಾಕ್ಟರಿಗೆ ಕಟ್ಟಿದ ಸಣ್ಣ ಕೂರಿಗೆ; ಒಂದೊಂದು ತಾಕಿಗೂ ಒಂದೊಂದು ಕಾಗದದ ಪೊಟ್ಟಣದ ಬೀಜ. ಇಡೀ ಕೇಂದ್ರ ಅವರನ್ನು ಬಾಯ್ ಸ್ಟಾಮೆನ್, ಅಂದರೆ ಸ್ಟಾಮೆನ್ ಅಣ್ಣ ಎಂದೇ ಕರೆಯುತ್ತಿತ್ತು, ಅವರಿಗಿಂತ ಹಿರಿಯ ಕಾವಲುಗಾರ ಕೂಡ. ಅವರು ನನ್ನನ್ನು ಕರೆಯುತ್ತಿದ್ದದ್ದು ಪ್ರೊಫೆಸರ್ ಎಂದು.

"ಏನ್ ಪ್ರೊಫೆಸರ್, ಬೆರಳು ನೋಯ್ತಿದ್ಯಾ? ಬೆಳಗ್ಗಿಂದ ಒಂದ್ಸಲ ಒತ್ತಿದೀಯ. ಹೋಗು, ಮಲಕ್ಕೊ."

ಸಹಕಾರಿ ಹೊಲದ ಟ್ರಾಕ್ಟರ್ ಬಿಟ್ಟು ಅವರು ಕೇಂದ್ರಕ್ಕೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಆಗ ಕಂಪ್ಯೂಟರೂ ಇರಲಿಲ್ಲ. ಲಾಟರಿ ಎತ್ತುತ್ತಿದ್ದದ್ದು ಅವರ ಕುರಿಚರ್ಮದ ಟೋಪಿಯಿಂದ. ತಳಿಗಳ ಸಂಖ್ಯೆ ಬರೆದ ಚೀಟಿಗಳನ್ನು ಟೋಪಿಗೆ ಹಾಕಿ, ಕುಲುಕಿ, ಒಂದೊಂದೇ ಎತ್ತುವುದು. ಒಂದು ವರ್ಷ ಎತ್ತಿದ ಚೀಟಿ ಅವರಿಗೆ ಹಿಡಿಸಲಿಲ್ಲ. ಬಾವಿಯ ಕಟ್ಟೆಯ ಪಕ್ಕದ ತಾಕು ಅದು. ಕೂರಿಗೆಯಲ್ಲಿ ಪದೇ ಪದೇ ಸಿಕ್ಕಿಕೊಳ್ಳುವ ಬೀಜದ ತಳಿಯೊಂದು ಅಲ್ಲಿಗೆ ಬಂದರೆ ಅಷ್ಟು ಇಕ್ಕಟ್ಟಿನಲ್ಲಿ ಟ್ರಾಕ್ಟರ್ ತಿರುಗಿಸಿ ತಿರುಗಿಸಿ ಸಾಯಬೇಕು. ಯಾರೂ ನೋಡಲಿಲ್ಲ ಅಂದುಕೊಂಡು ಚೀಟಿಯನ್ನು ಮತ್ತೆ ಒಳಗೆ ಹಾಕಿದರು. ಬೀಜ ಎಣಿಸಲು ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ನೋಡಿಬಿಟ್ಟಳು.

"ಆ ಚೀಟಿ ವಾಪಸ್ ಹಾಕಿದ್ರಿ."

"ಯಾವ ಚೀಟಿ?"

"ಟೋಪಿ ಕೊಡಿ ಇಲ್ಲಿ."

ಅವಳು ಟೋಪಿ ಕಿತ್ತುಕೊಂಡು, ಎತ್ತಿದ್ದ ಚೀಟಿಗಳನ್ನೂ ಎತ್ತದ ಚೀಟಿಗಳನ್ನೂ ಅದಕ್ಕೇ ಸುರಿದು, ಎಲ್ಲವನ್ನೂ ಮೊದಲಿನಿಂದ ಎತ್ತಿಸಿದಳು. ಎಲ್ಲರ ಊಟ ತಡವಾಯಿತು. ಎಲ್ಲರೂ ಶಪಿಸಿದರು. ಕೇಂದ್ರದಲ್ಲಿ ಲಾಟರಿ ಒಂದೇ ಸಲ, ಬಂದದ್ದು ಬಂದಂತೆ ಎಂಬ ನಿಯಮ ಹುಟ್ಟಿದ್ದು ಅವತ್ತು. ಆ ಹುಡುಗಿಯ ಹೆಸರು ನೆವ್ಯಾನಾ. ಮುಂದಿನ ವರ್ಷ ಸ್ಟಾಮೆನ್ ಅವಳನ್ನು ಮದುವೆಯಾದರು.

"ಅಷ್ಟು ಮಾನ ಕಳೆದವಳನ್ನ ಯಾಕೆ ಕಟ್ಕೊಂಡ್ರಿ?" ಎಂದು ನಾನೊಮ್ಮೆ ಕೇಳಿದ್ದೆ.

"ಟೋಪಿ ವಾಪಸ್ ಕೊಟ್ಟಿರ್ಲಿಲ್ಲ. ಮತ್ತಿನ್ನೇನ್ ಮಾಡ್ಲಿ?"

ನಾವೆಲ್ಲ ಲೇಲ್ಯಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ನೆವ್ಯಾನಾ ತೆಳ್ಳಗಿನ, ನೀಲಿ ಮೇಲಂಗಿಯ, ಜೇಬಿನಲ್ಲಿ ಸದಾ ಏನಾದರೂ ಇರುವ ಹೆಂಗಸು. ದಾರ, ಪೆನ್ಸಿಲ್, ಅರ್ಧ ತಿಂದ ಬಿಸ್ಕತ್ತು. ಗಂಡ ಮುಂದೆ ಕೂರಿಗೆ ಓಡಿಸಿದರೆ ಅವರು ಹಿಂದೆ ಸಾಲು ನೋಡುತ್ತಾ ನಡೆಯುತ್ತಿದ್ದರು. "ಕುಡಿದಿದೀಯಾ? ಹಾವು ಹೋದಂಗೆ ಹೋಗಿದೆ," ಎಂದು ಕೂಗುವರು. "ಹಾವಿನ ಹಿಂದೆ ಬರ್ತಿರೋಳು ಯಾರು ಮತ್ತೆ?" ಎಂದು ಟ್ರಾಕ್ಟರಿನ ಸದ್ದಿನ ಮೇಲೆ ಉತ್ತರ ಬರುವುದು. ಇಬ್ಬರ ಸಂಸಾರವನ್ನೆಲ್ಲ ನಾವು ಹೊಲದಾಚೆಯಿಂದಲೇ ಕೇಳಿಸಿಕೊಂಡಿದ್ದೇವೆ.

ಒಂದು ಜೂನ್ ತಿಂಗಳಲ್ಲಿ ಬಿರುಗಾಳಿ ಬಂದು ತಾಕುಗಳೆಲ್ಲ ಚಾಪೆಯಂತೆ ನೆಲಕ್ಕೆ ಮಲಗಿದ್ದವು. ಬೆಳಗ್ಗೆ ನೋಡಲು ಹೋದ ಲೇಲ್ಯಾ ನೆವ್ಯಾನಾಗೆ ಒಂದು ತಾಕಿನ ಅಂಚಿನಲ್ಲಿ ಒಂದೇ ಒಂದು ಗಿಡ ನೆಟ್ಟಗೆ ನಿಂತಿರುವುದು ಕಂಡಿತು. ಗುರುತಿಗೆ ಜೇಬು ತಡಕಿದರು. ಸಿಕ್ಕಿದ್ದು ಮಾರ್ಚ್ ಒಂದರಂದು ಕೈಗೆ ಕಟ್ಟಿಕೊಂಡಿದ್ದ ಕೆಂಪು ಬಿಳಿ ದಾರ. ವಸಂತ ಬರಲೆಂದು ನಮ್ಮಲ್ಲಿ ಎಲ್ಲರೂ ಕಟ್ಟಿಕೊಳ್ಳುವ ದಾರ ಅದು; ಕೊಕ್ಕರೆ ಕಂಡ ದಿನ ಅದನ್ನು ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟಬೇಕು. ಆ ವರ್ಷ ಅವರಿಗೆ ಕೊಕ್ಕರೆಯೇ ಕಂಡಿರಲಿಲ್ಲವಂತೆ, ಕೈಯಿಂದ ಬಿಚ್ಚಿದ ದಾರ ಮರಕ್ಕೆ ಹೋಗದೆ ಜೇಬಿನಲ್ಲೇ ಉಳಿದಿತ್ತು. ಅದನ್ನು ಆ ಗಿಡದ ತೆನೆಗೆ ಕಟ್ಟಿದರು. ಬಿಸಿಲಿಗೆ ಬಿಳಿ ಎಳೆ ಮಾಸಿ ಕೆಂಪು ಮಾತ್ರ ಉಳಿಯಿತು.

ಆ ಒಂದು ತೆನೆಯ ಕಾಳು ಮರುವರ್ಷ ಒಂದು ಸಾಲಾಯಿತು. ಸಾಲಿನಿಂದ ಅಂಗೈಯಗಲದ ಮಡಿಯಾಯಿತು. ಕೇಂದ್ರದ ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆ ಬಂತು. ಸಂಖ್ಯೆ ಯಾರಿಗೂ ನೆನಪಿರಲಿಲ್ಲ, ಎಲ್ಲರೂ ಕರೆದದ್ದು ಕೆಂಪುದಾರ ಎಂದು. ಕೊನೆಗೆ ದೊಡ್ಡ ಪರೀಕ್ಷೆಗೆ ಹೋಗುವಷ್ಟು ಬೀಜವಾದ ಬೇಸಿಗೆಯಲ್ಲಿ ಲೇಲ್ಯಾ ನೆವ್ಯಾನಾ ಹಾಸಿಗೆ ಹಿಡಿದರು. ಎದ್ದು ಕೂರಲಾಗುವ ದಿನಗಳಲ್ಲಿ ಆ ಬೀಜವನ್ನು ಮನೆಗೆ ತರಿಸಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಹರವಿ, ಮುರುಕು ಕಾಳು ಕಸ ಎಲ್ಲವನ್ನೂ ಕೈಯಿಂದ ಆರಿಸಿದರು. ಆರಿಸಿದ್ದನ್ನು ಒಂದು ಬಿಳಿ ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿಗೆ ಕೆಂಪು ದಾರ ಕಟ್ಟಿ ಅಲಮಾರಿಯಲ್ಲಿ ಇಟ್ಟರು. ಆಗಸ್ಟ್ ಕೊನೆಗೆ ಹೋದರು.

ನಮ್ಮ ಮುಖ್ಯಸ್ಥೆ ಡಾಕ್ಟರ್ ಪಸ್ಕಲೆವಾ ಮಣ್ಣು ಕೊಟ್ಟು ಬರುವಾಗ ಸ್ಟಾಮೆನ್ ಅವರ ತೋಳು ಹಿಡಿದುಕೊಂಡು ಹೇಳಿದರು. "ಸ್ಟಾಮೆನ್, ಈ ವರ್ಷದ ಪರೀಕ್ಷೇಲಿ ಕೆಂಪುದಾರ ನಿಂತ್ರೆ ನಾನೇ ಅದನ್ನ ಹೊಸ ತಳಿ ಅಂತ ಒಪ್ಪಿಗೆಗೆ ರಾಜಧಾನಿ ಸೋಫಿಯಾಕ್ಕೆ ಕಳಿಸ್ತೀನಿ. ನೆವ್ಯಾನಾ ಅಂತ್ಲೇ ಹೆಸರಿಡ್ತೀನಿ."

ಆ ಮಾತು ಅವರನ್ನು ಹಿಡಿದು ನಿಲ್ಲಿಸಿತು. ಗೇಟಿಗೆ ಅಂಟಿಸಿದ ಹೆಂಡತಿಯ ಫೋಟೊ ಇರುವ ಸಾವಿನ ಕಾಗದ ಮಳೆಗೆ ಉಬ್ಬಿ, ಮೂಲೆ ಕಿತ್ತು ಬರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತ ಅವರು ಹೇಳುವರು. "ಈ ಕಾಗದ ಎಷ್ಟ್ ದಿನ ಇರುತ್ತೆ? ಗೋಧಿ ಆದ್ರೆ ನೋಡು, ಜನ ಮೂಟೆ ಮೂಟೆ ನೆವ್ಯಾನಾ ಕೊಳ್ತಾರೆ. 'ಈ ಸಲ ನೆವ್ಯಾನಾ ಹೆಂಗ್ ಬಂತು' ಅಂತ ಕೇಳ್ತಾರೆ. ಕೆಟ್ಟ ವರ್ಷ ಬಂದ್ರೆ ಬೈತಾರೆ ಕೂಡ. ಬೈಲಿ. ಬೈಸ್ಕೊಂಡ್ರೇ ಬದುಕಿರೋದು."

ನಲವತ್ತನೆಯ ದಿನದ ಕಾರ್ಯ ಬಂದದ್ದು ಬಿತ್ತನೆಗೆ ಮುಂಚಿನ ವಾರ. ಅಡುಗೆಗೆ ನಿಂತವರು ನೆವ್ಯಾನಾರ ಅಕ್ಕ, ಪಕ್ಕದ ಹಳ್ಳಿಯ ಲೇಲ್ಯಾ ದೊಚ್ಕಾ. ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಆರಲು ಹಾಕಿ, ಸಕ್ಕರೆ ಅಕ್ರೋಟು ಪುಡಿ ಬೆರೆಸಿ ಸಮಾಧಿಯ ಹತ್ತಿರ ಹಂಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಾಳು ಒಡೆಯುವುದಿಲ್ಲ, ಅಂಟುವುದಿಲ್ಲ. ನನಗಂತೂ ಬೇಯಿಸಿದ ಗೋಧಿ ಎಂದರೆ ಪ್ರಾಣ. ಯಾರು ಸತ್ತರೂ ನಾನು ಹಾಜರು. ಅವತ್ತೂ ಪ್ಲಾಸ್ಟಿಕ್ ಲೋಟದಲ್ಲಿ ಒಂದು ಸಲ ತಿಂದು, ರೂಢಿಯಂತೆ ಹೋದವರ ಹೆಸರಿಗೆ "ದೇವರು ಕ್ಷಮಿಸಲಿ" ಎಂದು, ತುಟಿಯ ಸಕ್ಕರೆ ಒರೆಸಿಕೊಂಡು, ಇನ್ನೊಂದು ಲೋಟಕ್ಕೆ ಕೈ ಚಾಚಿದೆ. ದೊಚ್ಕಾ ಖುಷಿಯಿಂದ ತುಂಬಿ ಕೊಟ್ಟರು.

ಸ್ಮಶಾನದಿಂದ ಮನೆಗೆ ಬಂದು ಮೇಜಿನ ಸುತ್ತ ಕೂತಿದ್ದೆವು. ಸ್ಟಾಮೆನ್ ಅಲಮಾರಿ ತೆಗೆದರು. ಮರುದಿನ ಬೀಜವನ್ನು ಕೇಂದ್ರಕ್ಕೆ ತಂದು ಪೊಟ್ಟಣ ಕಟ್ಟಬೇಕಿತ್ತು.

"ದೊಚ್ಕಾ, ಇಲ್ಲೊಂದು ಬಿಳಿ ಚೀಲ ಇತ್ತಲ್ಲ."

"ಕೆಂಪು ದಾರದ್ದಾ? ತೊಳ್ದು ಒಣಗ್ಹಾಕಿದೀನಿ, ಹೊರಗಿದೆ."

"ಒಳಗಿದ್ದಿದ್ದು?"

ದೊಚ್ಕಾ ಸ್ಟಾಮೆನ್ ಮುಖ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಖಾಲಿ ಬೋಗುಣಿ ನೋಡಿದರು. "ಇದೇನ್ ಕೇಳ್ತೀಯಾ ಸ್ಟಾಮೆನ್? ಈಗ ತಾನೇ ತಿಂದ್ಯಲ್ಲ."

ಅದು ಬಿತ್ತನೆಯ ಬೀಜವೆಂದು ದೊಚ್ಕಾಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಕಡೆ ವಯಸ್ಸಾದ ಹೆಂಗಸರು ತಮ್ಮ ಕೊನೆಯ ಬಟ್ಟೆ, ಮೇಣದಬತ್ತಿ, ಹಂಚುವ ಟವೆಲ್ಲು ಎಲ್ಲವನ್ನೂ ತಾವೇ ಗಂಟು ಕಟ್ಟಿ ಇಟ್ಟಿರುತ್ತಾರೆ, ಹಿಂದಿನವರು ಪರದಾಡಬಾರದೆಂದು. ದೊಚ್ಕಾ ಕೂಡ ಇಟ್ಟಿದ್ದಾರೆ.

"ಕೈಯಿಂದ ಆರ್ಸಿ ಇಟ್ಟಿದ್ಲು," ಎಂದರು ದೊಚ್ಕಾ. ಧ್ವನಿ ಸಣ್ಣಗಾಗಿತ್ತು. "ಒಂದು ಕಲ್ಲಿಲ್ಲ, ಒಂದು ಮುರುಕಿಲ್ಲ. ಹಾಸಿಗೇಲಿ ಮಲಗಿ ಇನ್ಯಾತಕ್ಕೆ ಆರಿಸ್ತಾರೆ ಸ್ಟಾಮೆನ್? ತನ್ನ ನಲವತ್ತಕ್ಕೆ ತಾನೇ ಎತ್ತಿಟ್ಟು ಹೋಗಿದಾಳೆ ಅಂದ್ಕೊಂಡೆ. ತೊಳೀತಾ ತೊಳೀತಾ ಅತ್ತೆ ನಾನು."

ಸ್ಟಾಮೆನ್ ಕೂಗಾಡಿದ್ದರೆ ಚೆನ್ನಾಗಿತ್ತು. ಅಲಮಾರಿಯ ಬಾಗಿಲನ್ನು ಮೆತ್ತಗೆ ಮುಚ್ಚಿ, ಟೋಪಿ ಹಾಕಿಕೊಂಡು ಹೊರಗೆ ಹೋದರು. ನನ್ನ ಹೊಟ್ಟೆಯಲ್ಲಿ ಎರಡು ಲೋಟ ಕೆಂಪುದಾರ ಇತ್ತು. ಪರೀಕ್ಷೆಯ ಒಂದು ತಾಕನ್ನು ನಾನೊಬ್ಬನೇ ತಿಂದಿದ್ದೆನೇನೋ. ದೊಚ್ಕಾ ಪಾತ್ರೆ ತೊಳೆದಿಟ್ಟು ತಮ್ಮ ಹಳ್ಳಿಗೆ ಹೋದವರು, ತಮ್ಮ ಹತ್ತಿರ ಉಳಿದ ಬೀಗದ ಕೈ ವಾಪಸ್ ಕೊಡಲೂ ಆ ಮನೆಗೆ ಮತ್ತೆ ಕಾಲಿಡಲಿಲ್ಲ.

ಡಾಕ್ಟರ್ ಪಸ್ಕಲೆವಾ ತಣ್ಣನೆಯ ಕೋಣೆಯ ಕಪಾಟನ್ನೆಲ್ಲ ಹುಡುಕಿಸಿದರು. ಆಪತ್ತಿಗೆಂದು ಎತ್ತಿಟ್ಟಿದ್ದ ಒಂದು ಪೊಟ್ಟಣ ಸಿಕ್ಕಿತು. ಒಂದು ತಾಕಿಗೆ ಸರಿಯಾಗುವಷ್ಟು, ಅಷ್ಟೇ. ಉಳಿದ ತಳಿಗಳೆಲ್ಲ ಮೂರು ತುಂಡುಗಳಲ್ಲೂ, ಪ್ರತಿ ಪಟ್ಟಿಯಲ್ಲೂ ಕೂರುತ್ತವೆ. ಇದಕ್ಕೆ ಇಡೀ ಹೊಲದಲ್ಲಿ ಒಂದೇ ಜಾಗ.

"ಈ ವರ್ಷ ಬೀಜ ಮಾಡ್ಕೊಂಡು ಮುಂದಿನ್ವರ್ಷ ಪರೀಕ್ಷೆಗೆ ಹಾಕ್ಬಹುದಲ್ವಾ?" ಎಂದೆ. ಬುದ್ಧಿವಂತನ ಪ್ರಶ್ನೆ ಎಂದು ನನಗನ್ನಿಸಿತ್ತು.

"ಮುಂದಿನ ಬೇಸಿಗೆಗೆ ನಾನು ಪಿಂಚಣಿ," ಎಂದರು ಪಸ್ಕಲೆವಾ. "ನನ್ನ ಜಾಗಕ್ಕೆ ಬರೋರು ಸೋಫಿಯಾದಿಂದ ತಮ್ಮದೇ ತಳಿಗಳ ಪೆಟ್ಟಿಗೆ ತರ್ತಾರೆ. ನಾನು ಬಂದಾಗ ಹಳೇ ಮುಖ್ಯಸ್ಥರ ತಳಿಗಳನ್ನ ಇಟ್ಕೊಂಡೆನಾ? ಈ ವರ್ಷ ಇಲ್ಲ ಅಂದ್ರೆ ಇಲ್ಲ. ಒಂದು ತಾಕಾದ್ರೂ ಸರಿ, ಹಾಕು. ಮತ್ತೆ ನೋಡು, ಈ ಸಲ ಶುರುವಿನ ಸಂಖ್ಯೆ ಸ್ಟಾಮೆನ್ ಕೊಡಲಿ." ಸಂಖ್ಯೆ ಕೊಡುವ ಸರದಿ ವರ್ಷಕ್ಕೊಬ್ಬರಿಗೆ ಬರುತ್ತದೆ. ಹೋದ ವರ್ಷ ಕಸ ಗುಡಿಸುವವರು ತಮ್ಮ ಬಸ್ಸಿನ ನಂಬರ್ ಕೊಟ್ಟಿದ್ದರು.

ಇಷ್ಟಕ್ಕೂ ಭಯವಿದ್ದದ್ದು ಒಂದೇ ಜಾಗದ್ದು. ಎರಡನೇ ತುಂಡಿನ ಕೆಳಗಿನ ಪಟ್ಟಿಯ ತುದಿಯಲ್ಲಿ ಒಂದು ತಗ್ಗಿದೆ. ಹಿಮ ಕರಗಿದ ನೀರು ಅಲ್ಲಿ ನಿಂತುಬಿಡುತ್ತದೆ. ನಾವದನ್ನು ಬಾತುಕೊಳ ಎನ್ನುತ್ತೇವೆ. ಪ್ರತಿ ವರ್ಷ ಆ ತುದಿಯನ್ನು ಬಿಟ್ಟುಬಿಡೋಣ ಎಂದು ಯಾರೋ ಹೇಳುತ್ತಾರೆ, ಪ್ರತಿ ವರ್ಷ ಒಂದು ತಳಿ ಹೆಚ್ಚಾಗಿ ಅದನ್ನೂ ಉಳುತ್ತೇವೆ.

ಸ್ಟಾಮೆನ್ ನನ್ನ ಕೋಣೆಗೆ ಬಂದು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತರು. ಪಸ್ಕಲೆವಾ ಊರಲ್ಲಿರಲಿಲ್ಲ. ನಾವಿಬ್ಬರೇ.

"ಅವಳು ಹೋದ ತಾರೀಕು ಹಾಕು," ಎಂದರು.

ಹಾಕಿದೆ. ಒತ್ತಿದೆ. ನಕ್ಷೆ ಬಂತು. ನಾನು ಹೊರಗಿನ ಪೆಟ್ಟಿಗೆಯಿಂದ ಒಳಕ್ಕೆ ಓದುತ್ತಾ ಹೋದೆ.

"ಎರಡನೇ ತುಂಡು."

ಅವರ ಬೆರಳು ಟೋಪಿಯ ಅಂಚಿನ ಮೇಲೆ ನಿಂತಿತು. "ಮೇಲಿನ ಪಟ್ಟಿ ಇದ್ರೆ ಪರ್ವಾಗಿಲ್ಲ."

"ಕೆಳಗಿಂದು."

"ಕೆಳಗಿಂದೂ ಉದ್ದ ಇದೆಯಲ್ಲ. ಶುರುವಿಗೆ ಇದ್ರೆ..."

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. ತುದಿಯ ಚೌಕ ಯಾವುದೆಂದು ಅವರಿಗೆ ಗೊತ್ತು.

"ಇನ್ನೊಂದು ಸಂಖ್ಯೆ ಕೊಡಿ," ಎಂದವನು ನಾನೇ. "ಇಲ್ಲಿ ಯಾರಿದಾರೆ ನೋಡೋಕೆ?"

ಅವರು ಬಾಗಿಲ ಕಡೆ ನೋಡಿದರು. "ಮದುವೆ ತಾರೀಕು."

ಒತ್ತಿದೆ. ಮೊದಲನೇ ತುಂಡು, ಮೇಲಿನ ಪಟ್ಟಿ, ನಟ್ಟ ನಡುವೆ. ಕೇಂದ್ರದಲ್ಲೇ ಅಷ್ಟು ಒಳ್ಳೆಯ ಮಣ್ಣು ಇನ್ನೊಂದು ಕಡೆ ಇಲ್ಲ. "ನೋಡಿ, ಅರಮನೆ!" ಎಂದೆ.

ಸ್ಟಾಮೆನ್ ನಕ್ಕರು. ಎಷ್ಟೋ ವಾರಗಳ ಮೇಲೆ ಅವರ ಹಲ್ಲು ನೋಡಿದೆ. ನಾನು ಪ್ರಿಂಟ್ ಕೊಡಲು ಹೋದಾಗ, "ಇರು," ಎಂದರು. "ಈಗ ಬಾತುಕೊಳದಲ್ಲಿ ಯಾರು?"

"ಯಾರಾದ್ರೇನು? ಅವುಕ್ಕೆ ಬೇರೆ ತಾಕುಗಳಿವೆ. ಒಂದು ಮುಳುಗಿದ್ರೂ ಉಳಿದವು ಹೇಳ್ತವೆ. ಕೆಂಪುದಾರಕ್ಕೆ ಒಂದೇ ಬಾಯಿ."

ಅವರು ಟೋಪಿಯನ್ನು ತಿರುಗಿಸುತ್ತಲೇ ಇದ್ದರು, ಸುತ್ತ, ಸುತ್ತ. ಒಳಗೆ ಕೈ ಹಾಕಿ ತಳ ಮುಟ್ಟಿದರು, ಅಲ್ಲೇನೋ ಉಳಿದಿದೆಯೇನೋ ಎಂಬಂತೆ.

"ಅವಳು ಇಲ್ಲಿದ್ದಿದ್ರೆ ಟೋಪಿ ಕಿತ್ಕೊಳ್ಳೋಳು," ಎಂದರು. "ಮೊದಲ್ನೇದೇ ಹಾಕು."

"ಬಾಯ್ ಸ್ಟಾಮೆನ್, ಹೆಸರು ಹೋಗ್ಬಿಡುತ್ತೆ."

"ಕದ್ದ ಜಾಗದಲ್ಲಿ ನಿಂತು ಗೆದ್ದಿದ್ದಕ್ಕೆ ಅವಳ ಹೆಸರಿಟ್ರೆ ಅವಳು ನನ್ನ ಜೊತೆ ಮಾತಾಡ್ತಾಳೇನೋ? ಮೊದ್ಲೇ ಮಾತು ನಿಲ್ಸಿದಾಳೆ."

ನಾನು ಮೊದಲ ತಾರೀಕನ್ನೇ ಮತ್ತೆ ಬರೆದೆ. ಅದೇ ನಕ್ಷೆ, ಅದೇ ಚೌಕ, ಸ್ವಲ್ಪವೂ ಕದಲದೆ ಬಂತು. ಆ ಗುಣಕ್ಕಾಗಿಯೇ ಆ ಸಾಫ್ಟ್‌ವೇರನ್ನು ನಾನು ಬೇರೆಯವರ ಮುಂದೆ ಹೊಗಳುತ್ತಿದ್ದೆ. ಸಮಾಧಾನಕ್ಕೆಂದು ಹೇಳಿದೆ: "ಪಕ್ಕದ ತಾಕಿನಲ್ಲಿ ಹೋಲಿಕೆಗೆ ಹಾಕೋ ಹಳೇ ತಳಿ ಇದೆ. ಅದೂ ಕುಗ್ಗಿದ್ರೆ ತಪ್ಪು ಜಾಗದ್ದು, ಗೋಧಿದಲ್ಲ ಅಂತ ಲೆಕ್ಕ ಸರಿ ಮಾಡುತ್ತೆ."

"ಅಂದ್ರೆ ಸಾಕ್ಷಿ ಇದೆ ಅನ್ನು."

"ಇದೆ."

"ಸಾಕ್ಷೀನೂ ಮುಳುಗಿದ್ರೆ?"

ನಾನು ಪ್ರಿಂಟ್ ಗುಂಡಿ ಒತ್ತಿದೆ.

ಬಿತ್ತನೆಯ ದಿನ ಬಾತುಕೊಳದ ಹತ್ತಿರ ಬಂದಾಗ ಅವರು ಟ್ರಾಕ್ಟರ್ ನಿಲ್ಲಿಸಿ ಇಳಿದರು. ಬೂಟಿನ ತುದಿಯಿಂದ ಮಣ್ಣನ್ನು ಕೆದಕಿ ನೋಡಿದರು. ಪೊಟ್ಟಣವನ್ನು ಬೇರೆಯವರ ಕೈಗೆ ಕೊಡದೆ ತಾವೇ ಸುರಿದು, ಕಾಗದವನ್ನು ಕೂರಿಗೆಯ ಅಂಚಿಗೆ ತಟ್ಟಿ ತಟ್ಟಿ ಕೊಡವಿ, ಒಳಗೆ ಇಣುಕಿ ನೋಡಿದರು. ಸಾಲು ನೂಲು ಹಿಡಿದಂತೆ ನೇರವಾಗಿ ಬಂತು. ಹಿಂದೆ ನಡೆದು ಬೈಯುವವರು ಇರಲಿಲ್ಲ.

ಆ ಚಳಿಗಾಲ ಹಿಮ ಬಿದ್ದದ್ದು ಹೆಚ್ಚು. ಫೆಬ್ರವರಿಯಲ್ಲಿ ಒಮ್ಮೆಲೇ ಕರಗಿ, ಕೊಳ ತುಂಬಿ, ಎರಡು ದಿನದಲ್ಲಿ ಮತ್ತೆ ಹೆಪ್ಪುಗಟ್ಟಿತು. ಮೇಲೆ ಗಾಜಿನಂಥ ಮಂಜುಗಡ್ಡೆ, ಕೆಳಗಿನ ನೀರಿನಲ್ಲಿ ಹಸಿರು ಸಾಲುಗಳು ಕಾಣುತ್ತಿದ್ದವು. ಒಂದು ಬೆಳಗ್ಗೆ ಕಿಟಕಿಯಿಂದ ನೋಡಿದರೆ ಸ್ಟಾಮೆನ್ ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಅಂಚಿನಲ್ಲಿ ನಿಂತಿದ್ದರು. ನಾನು ಕೋಟು ಹಾಕಿಕೊಂಡು ಓಡಿದೆ.

"ಒಂದು ಗೇಣು ಕಾಲುವೆ ತೆಗೆದ್ರೆ 'ಸುಯ್' ಅಂತ ಹೋಗ್ಬಿಡುತ್ತೆ," ಎಂದರು.

"ತೆಗೀರಿ ಮತ್ತೆ. ನಾನು ಆ ಕಡೆ ತಿರುಗ್ತೀನಿ."

"ಎಲ್ಲಿಗೆ ಹೋಗುತ್ತೆ ನೀರು? ಪಕ್ಕದ್ರ ಮೇಲೆ." ಸಲಿಕೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನೀನೂ ಸರಿ ಪ್ರೊಫೆಸರ್. ಕಳ್ಳತನಕ್ಕೆ ಯಾವಾಗ್ಲೂ ರೆಡಿ."

ಏಪ್ರಿಲ್ ಬಂದಾಗ ಬಾತುಕೊಳದಲ್ಲಿ ಉಳಿದಿದ್ದದ್ದು ಬೂದು ಬಣ್ಣದ ಕೊಳೆತ ಎಲೆ. ಸಾಕ್ಷಿ ತಳಿಯೂ ಸತ್ತಿತ್ತು. ಕೆಂಪುದಾರದ ತಾಕಿನಲ್ಲಿ ಮೇಲಂಚಿನ, ನೆಲ ಸ್ವಲ್ಪ ಎತ್ತರವಿದ್ದ ಕಡೆ ಕೆಲವು ಗಿಡ ಬದುಕಿದ್ದವು. ಜೂನಿನಲ್ಲಿ ಗಾಳಿ ಬಂದು ಹೊಲವೆಲ್ಲ ಮಲಗಿದಾಗ ಅವು ಮಾತ್ರ ನೆಟ್ಟಗೆ ನಿಂತಿದ್ದವು. ನಾನು ನೋಡಿದೆ, ಸ್ಟಾಮೆನ್ ನೋಡಿದರು, ಪಸ್ಕಲೆವಾ ಛತ್ರಿ ಹಿಡಿದು ಬಂದು ನೋಡಿದರು. ನೋಡಿದ್ದನ್ನು ಬರೆಯಲು ನನ್ನ ಕೋಷ್ಟಕದಲ್ಲಿ ಜಾಗವಿಲ್ಲ. ಅದು ತಾಕಿನ ತೂಕ ಕೇಳುತ್ತದೆ. ಕೊಯ್ಲಿನ ಯಂತ್ರ ಆ ತಾಕಿಗೆ ಇಳಿಯಲೇ ಇಲ್ಲ. ಕೊನೆಗೆ ಎಲ್ಲ ಅಂಕಿ ತುಂಬಿ ಗುಂಡಿ ಒತ್ತಿದಾಗ ಉಳಿದ ತಳಿಗಳ ಮುಂದೆ ಇಳುವರಿ ಬಂತು, ಕೆಂಪುದಾರದ ಮುಂದೆ ಖಾಲಿ.

"ನನಗೆ ಕಳಿಸೋಕೆ ಒಂದು ಅಂಕಿ ಬೇಕು ಸ್ಟಾಮೆನ್," ಎಂದರು ಪಸ್ಕಲೆವಾ. ಅವರ ಮೇಜಿನ ಖಾನೆಗಳು ಆಗಲೇ ಅರ್ಧ ಖಾಲಿಯಾಗಿದ್ದವು. "ನಿಂತಿತ್ತು ಅಂತ ಬರೆದ್ರೆ ಸೋಫಿಯಾದಲ್ಲಿ ನಗ್ತಾರೆ."

"ಗೊತ್ತು ಡಾಕ್ಟರ್."

"ಕ್ಷಮಿಸು."

"ನೀರಿಗೆ ನೀವೇನ್ ಮಾಡ್ತೀರಾ."

ಸ್ಟಾಮೆನ್ ಸೀದಾ ಹೊಲಕ್ಕೆ ಹೋಗಿ ಕುಡುಗೋಲಿನಿಂದ ಆ ಗಿಡಗಳ ತೆನೆ ಕೊಯ್ದು ಬೇಸಿಗೆಯ ಬಟ್ಟೆ ಟೋಪಿಗೆ ತುಂಬಿಕೊಂಡರು. ಟೋಪಿ ತುಂಬಿತು, ಅಷ್ಟೇ. ಬೋಳುತಲೆಯ ಮೇಲೆ ಬಿಸಿಲು ಹೊಡೆಸಿಕೊಳ್ಳುತ್ತಾ ನಡೆದುಹೋದರು.

ಆಗಸ್ಟ್ ಮೂರನೇ ವಾರ, "ಪ್ರೊಫೆಸರ್, ನಿನ್ನ ಡಬ್ಬ ಓಡುತ್ತಾ?" ಎಂದು ಕೇಳಿದರು. ನನ್ನ ಹಳೆಯ ಕಾರು ಏರಿನಲ್ಲಿ ಓಡುವುದಿಲ್ಲ. ಪುಣ್ಯಕ್ಕೆ ದೊಬ್ರುಜಾದಲ್ಲಿ ಏರಿಲ್ಲ. ಪಕ್ಕದ ಹಳ್ಳಿಗೆ ಕರೆದುಕೊಂಡು ಹೋಗೆಂದರು. ದೊಚ್ಕಾ ಗೇಟು ತೆಗೆದು, ಇವರನ್ನು ಕಂಡು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಒಳಗೆ ಬನ್ನಿ ಎನ್ನುವುದನ್ನೂ ಮರೆತು ನಿಂತರು. ಸ್ಟಾಮೆನ್ ಜೇಬಿನಿಂದ ಬಿಳಿ ಬಟ್ಟೆಯ ಗಂಟು ತೆಗೆದರು. ಬಾಯಿಗೆ ಕೆಂಪು ದಾರ.

ದೊಚ್ಕಾ ಹಿಂದೆ ಸರಿದರು. "ಬೇಡ. ನನ್ನ ಕೈಗೆ ಕೊಡ್ಬೇಡ ಸ್ಟಾಮೆನ್."

"ಮುಂದಿನ ವಾರ ವರ್ಷದ್ದು. ಯಾರು ಬೇಯಿಸ್ತಾರೆ? ಇವನಾ? ಇವನಿಗೆ ಗುಂಡಿ ಒತ್ತೋದು ಬಿಟ್ಟು ಇನ್ನೇನ್ ಬರುತ್ತೆ?"

"ಅಂಗಡಿ ಗೋಧಿ ಬೇಯಿಸ್ತೀನಿ. ಇದನ್ನ ಬಿತ್ತು. ನಿನ್ ಹಿತ್ತಲಲ್ಲಿ ಬಿತ್ತು. ಕೈ ಮುಗೀತೀನಿ."

"ಹೆಸರಿಲ್ಲದ ಗೋಧಿ ಬೆಳೆದು ಏನ್ ಮಾಡ್ಲಿ ದೊಚ್ಕಾ, ಕೋಳಿಗೆ ಹಾಕ್ಲಾ?" ಅವರ ಧ್ವನಿ ಗಟ್ಟಿಯಾಯಿತು, ಆಮೇಲೆ ಇಳಿಯಿತು. "ನನಗೂ ವಯಸ್ಸಾಯ್ತು. ನಾನೂ ಹೋದ್ಮೇಲೆ ಇದೇನು ಅಂತ ಯಾರಿಗೆ ಗೊತ್ತಿರುತ್ತೆ? ಅವಳನ್ನ ಗೊತ್ತಿರೋರು ಇನ್ನೂ ಇದ್ದಾಗ್ಲೇ ತಿಂದ್ಬಿಡ್ಲಿ. ಹೋದ್ಸಲ ನೀನು ತಗೊಂಡೆ. ಈ ಸಲ ನಾನು ಕೊಡ್ತಿದೀನಿ. ಹಿಡಿ."

ದೊಚ್ಕಾ ಕೈ ಚಾಚಲಿಲ್ಲ. ಏಪ್ರನ್ನಿನ ಎರಡು ಅಂಚು ಎತ್ತಿ ಹಿಡಿದರು, ಸ್ಟಾಮೆನ್ ಗಂಟನ್ನು ಅದರೊಳಗೆ ಇಟ್ಟರು.

ವರ್ಷದ ದಿನ ಸಮಾಧಿಯ ಹತ್ತಿರ ಬಂದವರು ಹೆಚ್ಚಿಲ್ಲ. ಗೋಧಿಯೂ ಹೆಚ್ಚಿಲ್ಲ, ಒಂದು ಸಣ್ಣ ಬೋಗುಣಿ. ಮೇಲೆ ಸಕ್ಕರೆ ಪುಡಿ, ಅದರ ಮೇಲೆ ಒಣದ್ರಾಕ್ಷಿಯ ಶಿಲುಬೆ. ತಲೆಗೆ ಅರ್ಧ ಚಮಚ ಬಂತು. ಈ ಸಲ ನಾನು ಇನ್ನೊಮ್ಮೆ ಕೈ ಚಾಚಲಿಲ್ಲ. ಪಸ್ಕಲೆವಾ, ಪಿಂಚಣಿಯಾದ ಮೇಲೂ ಬಸ್ಸು ಹಿಡಿದು ಬಂದವರು, ಒಂದು ಕಾಳನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದರು, ಹೊಲದಲ್ಲಿ ಕಚ್ಚುತ್ತಿದ್ದ ಹಾಗೆ.

"ಬೆಂದ್ರೂ ಬಿರಿದಿಲ್ಲ," ಎಂದರು. "ಒಳ್ಳೆ ಗೋಧಿ."

ಸ್ಟಾಮೆನ್ ತಲೆಯಾಡಿಸಿದರು. "ಅವಳಿಗೆ ಹೇಳಿ," ಎಂದು ಸಮಾಧಿಯ ಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದರು. ಪಸ್ಕಲೆವಾ ಕಲ್ಲಿನ ಹತ್ತಿರ ಬಗ್ಗಿ ಏನೋ ಹೇಳಿದರು, ನಮಗೆ ಕೇಳಿಸಲಿಲ್ಲ.

ಹಂಚುವಾಗ ಒಂದಿಷ್ಟು ಕಾಳು ಹುಲ್ಲಿಗೆ ಬಿದ್ದಿದ್ದವು. ನನ್ನ ಕಣ್ಣು ಅಲ್ಲೇ ಇತ್ತು. ಸಂಬಳಕ್ಕೆ ಗೋಧಿ ಪರೀಕ್ಷೆ ಮಾಡುವವನು ನಾನು. ಬೆಂದ ಕಾಳು ಮೊಳೆಯುವುದಿಲ್ಲ ಎಂಬಷ್ಟು ವಿಜ್ಞಾನ ನನಗೂ ಗೊತ್ತು. ಆದರೂ ಕಾಲು ತಾಗದ ಹಾಗೆ ಪಕ್ಕಕ್ಕೆ ನಿಂತೆ.

ಸ್ಟಾಮೆನ್ ಬೋಗುಣಿಯನ್ನು ಕಲ್ಲಿನ ಅಂಚಿಗೆ ತಟ್ಟಿ ಕೊಡವಿ, ಒಳಗೆ ಇಣುಕಿದರು. ತಳದಲ್ಲಿ ಅಂಟಿದ್ದ ಒಂದು ಕಾಳನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡರು. "ಮುಗೀತು," ಎಂದರು.

ದೊಚ್ಕಾ ಅವರ ಕೈಯಿಂದ ಬೋಗುಣಿ ತೆಗೆದುಕೊಂಡು ತಮ್ಮ ಚೀಲದಲ್ಲಿ ಇಟ್ಟುಕೊಂಡರು. "ಇದು ನಿಮ್ಮನೇದು. ನಾನೇ ಬಂದು ತೊಳ್ದಿಡ್ತೀನಿ."

"ಬೀಗದ ಕೈ ನಿನ್ ಹತ್ರಾನೇ ಇದೆಯಲ್ಲ," ಎಂದು ಸ್ಟಾಮೆನ್ ಟೋಪಿ ಹಾಕಿಕೊಂಡು ಗೇಟಿನ ಕಡೆ ನಡೆದರು.